ಗಂಡ ಬದುಕಿರುವ ಕಾರಣ

ನನ್ನನ್ನು ಸಾಯಿಸಿದ್ದು ಒಂದು ಬ್ಯಾಂಕು. ಕುಡಿಸಿ ಸಾಯಿಸಿದರು. ನಾನು ಜೀವಮಾನದಲ್ಲಿ ಕುಡಿದವನಲ್ಲ. ಹಾಗಂತ ಹೇಳಿದೆ. ಕುಡಿಯದೆ ಸತ್ತರೆ ಅಂಕ ಕಡಿಮೆ ಅಂದರು.

ಮೊದಲಿಂದ ಹೇಳುತ್ತೇನೆ.

ನಾವು ಕಸದವರು. ನಾನು, ನನ್ನ ಹೆಂಡತಿ ಇಬ್ಬರೂ ಒಂದೇ ಲಾರಿಯ ಹಿಂದೆ ಓಡಿದವರು. ಲಾರಿ ಕಂಟ್ರಾಕ್ಟರನದು. ಊರಿನ ಕಸವನ್ನೆಲ್ಲ ಅವನು ಗುತ್ತಿಗೆ ಹಿಡಿದಿದ್ದ. ನಾವು ತೊಟ್ಟಿಗೆ ಕೈ ಹಾಕಿ ಬಾಚಬೇಕು, ಬುಟ್ಟಿ ತುಂಬಬೇಕು, ಮೇಲಕ್ಕೆ ಎಸೆಯಬೇಕು. ಬರಿಗೈ. ಬರಿಗಾಲು. ಕಸದಲ್ಲಿ ಏನಿದೆ ಅಂತ ಹಾಕಿದವರಿಗೆ ಮರೆತಿರುತ್ತದೆ. ಒಡೆದ ಬಲ್ಬು, ಸೂಜಿ, ಬ್ಲೇಡು, ಮಗುವಿನ ಹೇಲು, ಸತ್ತ ಬೆಕ್ಕು. ಎಲ್ಲ ಮೊದಲು ಕೈಗೆ ಗೊತ್ತಾಗುತ್ತದೆ, ಆಮೇಲೆ ಕಣ್ಣಿಗೆ. ಒಂದು ದಿನ ಲಾರಿಯ ಹಿಂಬಾಗಿಲು ಬಿದ್ದು ನನ್ನ ಎಡಗೈಯ ಎರಡು ಬೆರಳು ಹೋದವು. ಕಂಟ್ರಾಕ್ಟರ ಬಂದ, ನೋಡಿದ. "ಬಲಗೈ ಇದೆಯಲ್ಲ" ಅಂದ. ಅದೇ ಪರಿಹಾರ.

ನನ್ನ ಹೆಂಡತಿ ಅವತ್ತಿನಿಂದ ಬರಿಗೈಯಲ್ಲಿ ಕಸ ಮುಟ್ಟಲಿಲ್ಲ. "ಗ್ಲೌಸು ಕೊಡು, ಬೂಟು ಕೊಡು, ಆಮೇಲೆ ಕಸ" ಅಂದಳು. ಉಳಿದ ಹೆಂಗಸರೂ ಅವಳ ಜೊತೆ ಕೈ ಕಟ್ಟಿ ನಿಂತರು. ಊರು ನಾರತೊಡಗಿತು. ಕಂಟ್ರಾಕ್ಟರ ನಮ್ಮ ಮೇಲೆ ಆಳುಗಳನ್ನು ಬಿಟ್ಟ. ನನ್ನ ಹೆಂಡತಿಯ ಭುಜದ ಮೂಳೆ ಮುರಿಯಿತು. ಎಲ್ಲರನ್ನೂ ಕೆಲಸದಿಂದ ಕಿತ್ತುಹಾಕಿದ. ಹೊಸಬರು ಬಂದರು. ಬರಿಗೈಯಲ್ಲಿ.

ಭುಜ ಕೂಡಿಕೊಂಡ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಊರಾಚೆ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದಳು. ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಒಣ ಕಸ ತರೋದು, ಬೇರೆ ಬೇರೆ ಮಾಡೋದು, ಕಾರ್ಖಾನೆಗೆ ಮಾರೋದು. ರಟ್ಟು ಒಂದು ಕಡೆ, ಬಾಟಲಿ ಒಂದು ಕಡೆ, ಹಾಲಿನ ಕವರು ಒಂದು ಕಡೆ. ಮೊದಲ ದುಡ್ಡು ಬಂದಾಗ ಎಲ್ಲರಿಗೂ ಗ್ಲೌಸು ತಂದಳು. ದಪ್ಪ ರಬ್ಬರಿನವು, ಮೊಣಕೈವರೆಗೆ ಬರುವಂಥವು. ಆಮೇಲೆ ಬೂಟು. ಗಾಜು ಬೇರೆ ಮಾಡುವ ಹೆಂಗಸೊಬ್ಬಳಿದ್ದಾಳೆ, ಅವಳನ್ನು ನಾವು ಗಾಜಿನಕ್ಕ ಅಂತಲೇ ಕರೆಯೋದು. ಅವಳು ಅವತ್ತು ಗ್ಲೌಸು ಹಾಕಿಕೊಂಡೇ ಮನೆಗೆ ಹೋದಳು. ಮಗಳ ಜಡೆ ಹೆಣೆಯೋಕೆ ಮಾತ್ರ ಬಿಚ್ಚಿದಳಂತೆ.

ಶೆಡ್ಡು ನಡೆಯಿತು. ಲಾಭವೂ ಬಂತು. ತೊಂದರೆ ಬಂದದ್ದು ಗಾಳಿಯಿಂದ. ಬಾಟಲಿ, ಕವರು ಅಂದರೆ ಮುಕ್ಕಾಲುಪಾಲು ಗಾಳಿ. ಲಾರಿಯವನಿಗೆ ಗಾಳಿಗೂ ಬಾಡಿಗೆ ಕೊಡಬೇಕು. ಅದಕ್ಕೆ ಹೆಂಗಸರು ದೊಡ್ಡ ಚೀಲಗಳೊಳಗೆ ಇಳಿದು ಮಾಲು ತುಳಿಯುತ್ತಿದ್ದರು. ದಿನವಿಡೀ ತುಳಿತ. ಸಂಜೆಗೆ ಮಂಡಿ ಮಡಚಲು ಬರುತ್ತಿರಲಿಲ್ಲ. ಗಾಜಿನಕ್ಕನ ಬೂಟಿನ ಅಡಿ ಸೀಳಿ ಒಂದು ಗಾಜಿನ ಚೂರು ಹಿಮ್ಮಡಿಗೆ ಹೊಕ್ಕಿತು. ಕೀವಾಯಿತು. ಕಾಲು ಉಳಿಯುತ್ತೋ ಇಲ್ಲವೋ ಅನ್ನೋ ಹಾಗಾಗಿತ್ತು. ಮಾಲನ್ನು ಒತ್ತಿ ಇಟ್ಟಿಗೆ ಥರ ಕಟ್ಟು ಮಾಡಿ ಕೊಡುವ ಮಿಷನ್ನು ಇರುತ್ತದೆ. ಅದೊಂದಿದ್ದರೆ ತುಳಿತ ಇಲ್ಲ, ಗಾಳಿ ಬಾಡಿಗೆ ಇಲ್ಲ. ಅಷ್ಟರಲ್ಲಿ ಕಾರ್ಖಾನೆಯವರೇ ಹೇಳಿಬಿಟ್ಟರು: ಮುಂದಿನ ವರ್ಷದಿಂದ ಬಿಡಿ ಮಾಲು ಬೇಡ, ಕಟ್ಟಾಗಿ ಬಂದರೆ ಮಾತ್ರ ತಗೋತೀವಿ. ಮಿಷನ್ನು ಬರದಿದ್ದರೆ ಶೆಡ್ಡಿಗೆ ಬೀಗ. ಮತ್ತೆ ಕಂಟ್ರಾಕ್ಟರನ ಲಾರಿಯ ಹಿಂದೆ ಓಟ.

ಅದಕ್ಕೆ ನಾನೂ ನನ್ನ ಹೆಂಡತಿಯೂ ಬ್ಯಾಂಕಿಗೆ ಹೋದೆವು. ಬ್ಯಾಂಕಿನ ಕಸವನ್ನೂ ನಾವೇ ಒಯ್ಯುತ್ತಿದ್ದೆವು, ಹಿಂದಿನ ಮೆಟ್ಟಿಲಿಂದ. ಮುಂದಿನ ಬಾಗಿಲಲ್ಲಿ ಹೋದದ್ದು ಅವತ್ತೇ ಮೊದಲು. ಸ್ನಾನ ಮಾಡಿದ್ದೆವು, ಒಗೆದ ಬಟ್ಟೆ ಹಾಕಿದ್ದೆವು.

ಮ್ಯಾನೇಜರು ಒಳ್ಳೆಯವರು. ನಾವು ಒಳಗೆ ಕಾಲಿಟ್ಟ ಕೂಡಲೇ ಮೇಜಿನ ಮೇಲಿದ್ದ ಡಬ್ಬಿ ತೆಗೆದು ಗಾಳಿಗೆ ಪುಸ್ಸಂತ ಸೆಂಟು ಹೊಡೆದರು.

"ತಪ್ಪು ತಿಳ್ಕೋಬೇಡಿ, ಯಾರು ಬಂದ್ರೂ ಹೊಡೀತೀನಿ" ಅಂದರು. ನಮಗಿಂತ ಮುಂಚೆ ಬಟ್ಟೆ ಅಂಗಡಿಯವರು ಹೋಗಿದ್ದರು. ಅವರಿಗೆ ಹೊಡೆದಿರಲಿಲ್ಲ. ಬಾಗಿಲು ಗಾಜಿನದು, ನಮಗೆ ಕಾಣುತ್ತಿತ್ತು.

ಲೆಕ್ಕ ನೋಡಿದರು. ಹುಬ್ಬು ಮೇಲೇರಿತು. ಹಿಂದೆ ಮುಂದೆ ತಿರುವಿ ಮತ್ತೆ ನೋಡಿದರು.

"ಚೆನ್ನಾಗಿದೆಯಮ್ಮ. ತೀರಿಸೋ ಶಕ್ತಿ ಇದೆ ನಿಮಗೆ."

"ಹಂಗಾದ್ರೆ ಕೊಡ್ತೀರಾ?" ಅಂದಳು ನನ್ನ ಹೆಂಡತಿ.

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. "ಬರೀ ಲೆಕ್ಕ ನೋಡಿ ಸಾಲ ಕೊಡೋ ಕಾಲ ಹೋಯ್ತು. ಈಗ ಹಣಕಾಸೇತರ ಅಂಶಗಳು ಅಂತ ನೋಡ್ತಾರೆ."

"ಅಂದ್ರೆ?"

"ಅಂದ್ರೆ ದುಡ್ಡಲ್ಲದ್ದು. ಕೇಳೋರು ಎಂಥವರು, ಎಲ್ಲಿದಾರೆ, ಅಕ್ಕಪಕ್ಕದವರು ಏನಂತಾರೆ, ಮುಂದಿನ ಕನಸೇನು, ನೋಡೋಕೆ ಹೇಗಿದೆ…"

"ಯಾವುದು ನೋಡೋಕೆ?"

"ಎಲ್ಲಾನೂ."

ನಾನು ಬಾಯಿ ಹಾಕಿದೆ. "ಸಾರ್, ಬಟ್ಟೆ ಅಂಗಡಿಯವರಿಗೂ ಇದೆಲ್ಲ ನೋಡ್ತೀರಾ?"

"ಅವರನ್ನ ನೋಡೋ ಅಗತ್ಯ ಇಲ್ಲಪ್ಪ. ಅವರು ಗೊತ್ತಿರೋರು."

"ನಾವೂ ಗೊತ್ತಿರೋರೇ ಸಾರ್. ದಿನಾ ನಿಮ್ಮ ಕಸ ಒಯ್ಯೋದು ನಾವೇ."

ಮ್ಯಾನೇಜರು ಮತ್ತೊಂದು ಸಲ ಪುಸ್ಸೆನಿಸಿದರು. ಆಮೇಲೆ ನಮ್ಮಂಥವರಿಗೆ ಅಂತಲೇ ಒಂದು ವಿಶೇಷ ಯೋಜನೆ ಇದೆ ಅಂದರು. ಸ್ಫೂರ್ತಿ ಯೋಜನೆ ಅಂತ ಅದರ ಹೆಸರು. ಹಿಂದುಳಿದ ಹೆಂಗಸರು ದಂಧೆ ಮಾಡೋಕೆ. ನೂರು ಅಂಕ. ಲೆಕ್ಕಕ್ಕೆ ಇಪ್ಪತ್ತು. ಉಳಿದದ್ದೆಲ್ಲ ಹಣಕಾಸೇತರ. ಅದಕ್ಕೆ ತಯಾರು ಮಾಡೋಕೆ ಒಬ್ಬ ಕನ್ಸಲ್ಟೆಂಟು ಬರ್ತಾನೆ.

ಬಂದ. ಚಿಕ್ಕ ವಯಸ್ಸು. ಕೊರಳಲ್ಲಿ ಒಂದು ನೀಲಿ ಪಟ್ಟಿ, ಪಟ್ಟಿಯ ತುದಿಗೆ ಅವನದೇ ಫೋಟೋ. ತಾನು ಯಾರು ಅಂತ ಮರೆತುಹೋಗದಿರಲಿ ಅಂತ ಹಾಕ್ಕೊಂಡಿದಾನೆ ಅಂದಳು ಗಾಜಿನಕ್ಕ. ಹೆಂಗಸರು ಅವನಿಗೆ ಕೊರಳಪಟ್ಟಿ ಅಂತ ಹೆಸರಿಟ್ಟರು.

ಕೊರಳಪಟ್ಟಿ ಕೂರಲು ಜಾಗ ಹುಡುಕಿ, ಸಿಗದೆ, ನಿಂತೇ ಶುರು ಮಾಡಿದ.

"ಮೇಡಂ, ನಿಮ್ಮ ಪ್ರತಿಸ್ಪರ್ಧಿಗಳು ಯಾರು?"

"ಅಂದ್ರೆ?"

"ನಿಮ್ಮ ಮಾಲಿಗೆ ನಿಮಗಿಂತ ಮುಂಚೆ ಕೈ ಹಾಕೋರು."

"ನಾಯಿ" ಅಂದಳು ನನ್ನ ಹೆಂಡತಿ.

ಅವನು ಬರೆದುಕೊಂಡ. "ರಿಸ್ಕು?"

"ಸೂಜಿ, ಗಾಜು."

"ಅದಲ್ಲ ಮೇಡಂ, ಬಿಸಿನೆಸ್ಸಿನ ರಿಸ್ಕು."

"ಅದೇ ನಮ್ಮ ಬಿಸಿನೆಸ್ಸು."

"ಐದು ವರ್ಷ ಆದಮೇಲೆ ನಿಮ್ಮನ್ನ ನೀವು ಎಲ್ಲಿ ಕಾಣ್ತೀರಿ?"

"ಇಲ್ಲೇ. ಕಸ ಎಲ್ಲಿಗೆ ಹೋಗುತ್ತೆ?"

ಕೊರಳಪಟ್ಟಿ ಪೆನ್ನು ಕೆಳಗಿಳಿಸಿದ. "ಇದೆಲ್ಲ ನಾನು ಸರಿ ಮಾಡ್ಕೋತೀನಿ. ನಮಗೆ ಮುಖ್ಯವಾಗಿ ಬೇಕಾಗಿರೋದು ಕಥೆ. ನಿಮ್ಮ ಕಥೆಗೇ ನಲವತ್ತು ಅಂಕ. ನಿಮ್ಮ ಗಂಡ ಏನ್ ಮಾಡ್ತಾರೆ?"

"ಇಲ್ಲೇ ಇದಾನಲ್ಲ."

ಚೀಲ ಹೊತ್ತು ನಿಂತಿದ್ದ ನನ್ನನ್ನು ಅವನು ಸೋರುವ ಸೂರನ್ನು ನೋಡುವ ಹಾಗೆ ನೋಡಿದ.

"ಇದು ಸ್ವಲ್ಪ ಸಮಸ್ಯೆ."

"ಯಾವುದು?"

"ಇವರು." ಪೆನ್ನಿನಿಂದ ನನ್ನನ್ನೇ ತೋರಿಸಿದ. "ಒಂಟಿ ಹೆಣ್ಣು, ಕಸದ ಗುಡ್ಡೆಯಿಂದ ಎದ್ದು ಬಂದಳು, ಹತ್ತು ಹೆಣ್ಣುಮಕ್ಕಳಿಗೆ ಅನ್ನ ಕೊಟ್ಟಳು. ಇದು ಕಥೆ. ಗಂಡ ಪಕ್ಕದಲ್ಲೇ ನಿಂತು ಚೀಲ ಹೊತ್ತ ಅಂದ್ರೆ ಕಥೆ ಎಲ್ಲಿದೆ ಹೇಳಿ?"

"ಊರಿಗೆ ಹೋಗಿದಾನೆ ಅಂತ ಹಾಕಿ" ಅಂದಳು ನನ್ನ ಹೆಂಡತಿ.

"ಊರಿಗೆ ಹೋದವರು ವಾಪಸ್ ಬರ್ತಾರೆ. ಅಂಕ ಹಾಕೋಕೆ ತೀರ್ಪುಗಾರರು ಬರ್ತಾರೆ, ಅವರು ಕೇಳ್ತಾರೆ. ಹೋದವರು ಬರದೇ ಇರೋ ಹಾಗೆ ಇರಬೇಕು."

ಅಷ್ಟು ಹೊತ್ತು ಮೂಲೆಯಲ್ಲಿ ಕೂತು ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದ ನನ್ನ ಅಮ್ಮ ತಲೆಯೆತ್ತಿದಳು. ಅಮ್ಮನಿಗೆ ಕಿವಿ ಮಂದ. ಆದರೆ ಇದು ಕೇಳಿಸಿತು.

"ಯಾವನೋ ಅವನು, ಹೆತ್ತವಳು ನಾನಿಲ್ಲಿ ಕಲ್ಲುಗುಂಡಿನ ಹಾಗೆ ಕೂತಿರುವಾಗ ನನ್ನ ಮಗನ್ನ ಸಾಯಿಸೋನು? ನಿಮ್ಮಪ್ಪ ಇಲ್ವೇನೋ ಮನೇಲಿ? ಅವನನ್ನ ಸಾಯಿಸ್ಕೋ, ಕಥೆ ಬರ್ಕೋ!"

ಕೊರಳಪಟ್ಟಿಯ ಮುಖ ಅರಳಿತು. "ಅಜ್ಜಿ ತುಂಬಾ ಚೆನ್ನಾಗಿದಾರೆ. ಅಜ್ಜಿನ ಇಟ್ಕೊಳ್ಳೋಣ."

ಅವತ್ತು ಸಂಜೆ ಮನೆಯಲ್ಲಿ ಊಟಕ್ಕೆ ಕೂತೆವು. ಕೊನೆಗೆ ನನ್ನ ಹೆಂಡತಿ, "ಬೇಡ ಅಂದ್ಬಿಡ್ತೀನಿ" ಅಂದಳು. ನನಗೆ ಗಾಜಿನಕ್ಕನ ಹಿಮ್ಮಡಿ ಕಣ್ಣ ಮುಂದೆ ಬಂತು. ಬಟ್ಟೆ ಸುತ್ತಿಕೊಂಡು ಅವಳು ಅವತ್ತೂ ಚೀಲಕ್ಕೆ ಇಳಿದಿದ್ದಳು.

"ಸಾಯ್ತೀನಿ ಬಿಡು" ಅಂದೆ. "ಏನಂತೆ ಈಗ? ಊಟದ ಹೊತ್ತಿಗೆ ಬಂದೇ ಬರ್ತೀನಲ್ಲ."

ಅವಳು ನಗಲಿಲ್ಲ. ಅಮ್ಮ ತಟ್ಟೆ ಸರಿಸಿ ಎದ್ದುಹೋದಳು.

ಸಾಯೋದಕ್ಕೆ ಒಪ್ಪಿದೆ. ಹೇಗೆ ಸಾಯೋದು ಅನ್ನೋದಕ್ಕೆ ಚೌಕಾಸಿ ನಡೆಯಿತು. ಕುಡಿದು ಅಂತ ಕೊರಳಪಟ್ಟಿ ಮೊದಲೇ ಬರೆದುಕೊಂಡು ಬಂದಿದ್ದ. ನಾನು ಆಗಲ್ಲ ಅಂದೆ. ನನ್ನ ಮಾನದ ಪ್ರಶ್ನೆ.

"ಬೇರೆ ಏನಾದ್ರೂ ಕೊಡಿ. ಲಾರಿ ಕೊಡಿ. ಅದು ಅರ್ಧ ನಿಜಾನೇ." ಎಡಗೈ ತೋರಿಸಿದೆ.

ಅವನು ನನ್ನ ಕೈಯನ್ನು ಆಸೆಯಿಂದ ನೋಡಿದ. "ಬೆರಳು ಒಳ್ಳೇದಿದೆ. ಆದ್ರೆ ಯಾರ ಲಾರಿ ಇದು?"

ಕಂಟ್ರಾಕ್ಟರನ ಹೆಸರು ಹೇಳಿದೆ.

"ಅಯ್ಯೋ. ಅವರು ನಮ್ಮ ಬ್ಯಾಂಕಿನ ದೊಡ್ಡ ಗಿರಾಕಿ. ಲಾರಿ ಆಗಲ್ಲ."

"ಕಾಯಿಲೆ?"

"ಕಾಯಿಲೆಯಿಂದ ಯಾರು ಬೇಕಾದ್ರೂ ಸಾಯ್ತಾರೆ. ಕುಡಿತದಲ್ಲಿ ಒಂದು ಪಾಠ ಇದೆ."

ಹೀಗೆ ನಾನು ಕುಡಿದು ಸತ್ತೆ.

ಆಮೇಲೆ ತಾಲೀಮು. ಕೊರಳಪಟ್ಟಿ ದಿನಾ ಬರುತ್ತಿದ್ದ. ಶೆಡ್ಡಿನ ಮಧ್ಯೆ ನನ್ನ ಹೆಂಡತಿಯನ್ನು ನಿಲ್ಲಿಸಿ ಹೇಳಿಕೊಡುತ್ತಿದ್ದ. "ನನ್ನ ಗಂಡ ಕುಡಿದು ಸತ್ತ. ಇಲ್ಲಿ ನಿಲ್ಲಿಸಿ. ಕೆಳಗೆ ನೋಡಿ. ಮೂಗು ಎಳ್ಕೊಳ್ಳಿ. ಈಗ ಮೇಲೆ ನೋಡಿ ನಗಿ. ಅಷ್ಟು ದೊಡ್ಡ ನಗು ಬೇಡ, ಸಣ್ಣದು." ಹೆಂಗಸರು ಮೊದಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಟೀ ಅಂಗಡಿಯವನು ನನ್ನನ್ನು ಕಂಡರೆ "ಏನಣ್ಣ, ಎದ್ದು ಬಂದ್ಯಾ?" ಅನ್ನತೊಡಗಿದ. ಅದಕ್ಕೂ ನಕ್ಕೆ. ಮೊದಲ ದಿನ ಅವಳಿಗೆ ನಾಲಿಗೆ ಹೊರಳಲಿಲ್ಲ. ಬರಬರುತ್ತಾ ಸಲೀಸಾಯಿತು. ಬಾಟಲಿಯ ಮುಚ್ಚಳ ತಿರುಗಿಸುತ್ತಾ ತನ್ನ ಪಾಡಿಗೆ ತಾನು ಗುನುಗತೊಡಗಿದಳು, "ನನ್ನ ಗಂಡ ಕುಡಿದು ಸತ್ತ, ನನ್ನ ಗಂಡ ಕುಡಿದು ಸತ್ತ." ಅವತ್ತು ನನಗೆ ನಗು ಬರಲಿಲ್ಲ. ಪಕ್ಕದಲ್ಲೇ ಕೂತಿದ್ದೆ. ಅವಳಿಗೆ ತಾನು ಗುನುಗುತ್ತಿರೋದೇ ಗೊತ್ತಿರಲಿಲ್ಲ.

ತೀರ್ಪುಗಾರರು ಶೆಡ್ಡು ನೋಡಲು ಬರುವ ದಿನ ಬಂತು. ಬೆಳಿಗ್ಗೆಯೇ ಕೊರಳಪಟ್ಟಿ ಬಂದು ನನ್ನನ್ನು ಚೀಲಗಳ ಗೋಡೆಯ ಹಿಂದೆ ಕೂರಿಸಿದ. "ಕೆಮ್ಮಬೇಡಿ" ಅಂದ. ಅಲ್ಲಿ ಹಾಲಿನ ಕವರಿನ ಹುಳಿ ವಾಸನೆ. ಇಲಿ ಕಾಲ ಮೇಲೆ ಹತ್ತಿ ಇಳಿಯುತ್ತಿತ್ತು. ಚೀಲಗಳ ಸಂದಿನಿಂದ ನನಗೆ ಎಲ್ಲ ಕಾಣುತ್ತಿತ್ತು.

ದೊಡ್ಡ ಕಾರಿನಲ್ಲಿ ದೊಡ್ಡ ಮೇಡಂ ಬಂದರು. ಬ್ಯಾಂಕಿನ ದೊಡ್ಡ ಆಫೀಸಿನವರು. ಜೊತೆಗೆ ಮ್ಯಾನೇಜರು, ಒಬ್ಬ ಫೋಟೋದವನು. ಮೇಡಂ ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ. ಹಿಡಿಯಬಾರದು ಅಂತ ಯಾರೋ ಹೇಳಿಕೊಟ್ಟಿರಬೇಕು. ಉಸಿರು ಕಟ್ಟಿಕೊಂಡಿದ್ದರು. ಮಾತಾಡುವಾಗ ಮಾತ್ರ ಬಾಯಿಂದ ಸ್ವಲ್ಪ ಸ್ವಲ್ಪ ಎಳೆದುಕೊಳ್ಳುತ್ತಿದ್ದರು.

ನನ್ನ ಹೆಂಡತಿ ಕಥೆ ಹೇಳಿದಳು. ನಿಲ್ಲಿಸುವಲ್ಲಿ ನಿಲ್ಲಿಸಿದಳು, ನೋಡುವಲ್ಲಿ ಕೆಳಗೆ ನೋಡಿದಳು. ಮೂಗು ಎಳೆದುಕೊಳ್ಳಲಿಲ್ಲ. ಮೇಡಂ ಕಣ್ಣು ಒದ್ದೆ ಮಾಡಿಕೊಂಡು "ಪಾಪ" ಅಂದರು. ನನಗೇ ಒಂದು ಗಳಿಗೆ ಯಾರೋ ಸತ್ತಿದ್ದಾರೆ ಅನ್ನಿಸಿತು.

ಲೆಕ್ಕ ಯಾರೂ ಕೇಳಲಿಲ್ಲ. ಮೇಜಿನ ಮೇಲೆ ಇಟ್ಟಿದ್ದೆವು. ಅದರ ಮೇಲೆ ಫೋಟೋದವನು ತನ್ನ ಬ್ಯಾಗು ಇಟ್ಟ.

"ಈಗ ಕೆಲಸ ಮಾಡೋದು ಒಂದು ಫೋಟೋ" ಅಂದರು ಮೇಡಂ.

ಹೆಂಗಸರು ಗುಡ್ಡೆಯ ಸುತ್ತ ಕೂತರು. ಫೋಟೋದವನು ಕಣ್ಣಿಗೆ ಕ್ಯಾಮೆರಾ ಇಟ್ಟು ಇಳಿಸಿದ. ಮೇಡಂ ಕಿವಿಯಲ್ಲಿ ಏನೋ ಹೇಳಿದ. ಮೇಡಂ ಮುಂದೆ ಬಂದರು.

"ಆ ಗ್ಲೌಸು ಸ್ವಲ್ಪ ತೆಗೀತೀರಾ? ಬೂಟೂನೂ."

"ಯಾಕೆ?" ಅಂದಳು ನನ್ನ ಹೆಂಡತಿ.

"ಗ್ಲೌಸಿದ್ರೆ ಆಸ್ಪತ್ರೆ ಥರ ಕಾಣುತ್ತೆ. ಕಷ್ಟ ಕಾಣಲ್ಲ. ನೋಡಿದವರಿಗೆ ಮನಸ್ಸು ಕರಗಬೇಕಲ್ವಾ? ಒಂದೇ ಒಂದು ಫೋಟೋ ಅಮ್ಮಾ. ಕೈ ಒಳಗೆ ಹಾಕಿ, ಏನಾದ್ರೂ ಎತ್ತಿ ಹಿಡ್ಕೊಳ್ಳಿ."

ಯಾರೂ ಅಲ್ಲಾಡಲಿಲ್ಲ. ಕೊರಳಪಟ್ಟಿ ಹಲ್ಲು ಕಿರಿಯುತ್ತಾ, "ತೆಗೀರಿ ಅಕ್ಕಾ, ಇದಕ್ಕೇ ಬೇರೆ ಅಂಕ ಇದೆ" ಅಂದ.

ಗಾಜಿನಕ್ಕ ಒಂದು ಕೈಯ ಗ್ಲೌಸು ಎಳೆಯತೊಡಗಿದಳು. ಅವಳಿಗೆ ಮಿಷನ್ನು ಬೇಕಿತ್ತು. ಎಲ್ಲರಿಗಿಂತ ಹೆಚ್ಚು ಅವಳಿಗೇ ಬೇಕಿತ್ತು. ರಬ್ಬರು ಅರ್ಧ ಬಂತು. ಒಳಗಿನ ಕೈ ಕಂಡಿತು. ಹಳೇ ಗಾಯಗಳೆಲ್ಲ ಬೆಳ್ಳಗೆ ಗೀರು ಗೀರಾಗಿ. ಫೋಟೋದವನು, "ಹಾಂ, ಹಾಂ, ಇದೇ!" ಅಂತ ಮಂಡಿಯೂರಿದ.

ನನ್ನ ಹೆಂಡತಿ ಗಾಜಿನಕ್ಕನ ಕೈ ಹಿಡಿದು ಗ್ಲೌಸನ್ನು ಮೊಣಕೈವರೆಗೆ ಎಳೆದು ಹಾಕಿದಳು.

"ತೆಗೆಯಲ್ಲ."

"ಅಲ್ಲಮ್ಮಾ, ಬರೀ ಫೋಟೋಗೆ…"

"ಈ ಗ್ಲೌಸು ಕೇಳಿದ್ದಕ್ಕೆ ನನ್ನ ಭುಜ ಮುರಿದ್ರು. ಇದನ್ನ ತೆಗೆದು ನಿಮಗೆ ಕಷ್ಟ ತೋರಿಸಬೇಕಾ? ಕಷ್ಟ ಬೇಕಿದ್ರೆ ನೀವು ಹಾಕಿ ಕೈ. ಗುಡ್ಡೆ ಇಲ್ಲೇ ಇದೆ. ಫೋಟೋದವರೂ ಇದಾರೆ."

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಉಸಿರು ಕಟ್ಟೋದು ಮರೆತು ಜೋರಾಗಿ ಎಳೆದುಕೊಂಡರು, ಕೆಮ್ಮಿದರು. ಬ್ಯಾಂಕಿನಲ್ಲಿ ನನ್ನ ಜೊತೆ ಮಾತಾಡಿದ್ದ ಮ್ಯಾನೇಜರೇ, "ಮಾತಾಡೋ ರೀತಿ ಇದಾ? ಗಂಡ ಇಲ್ಲದ ಹೆಂಗಸು ಅಂತ ಮೇಡಂ ಇಷ್ಟು ದೂರ ಬಂದ್ರೆ…" ಅಂದರು.

"ಗಂಡ ಇದಾನೆ" ಅಂದಳು. ತಿರುಗಿ ಚೀಲಗಳ ಕಡೆ ಕೂಗಿದಳು. "ಏಯ್, ಹೊರಗೆ ಬಾ."

ನಾನು ಎದ್ದೆ. ಕಾಲು ಜೋಮು ಹಿಡಿದಿತ್ತು. ಒಂದು ಚೀಲ ಜಾರಿತು, ಅದರ ಹಿಂದೆ ಇನ್ನೊಂದು. ಬಾಟಲಿಗಳ ಜೊತೆಗೇ ಉರುಳಿಕೊಂಡು ಹೊರಗೆ ಬಂದೆ. ಮೇಡಂ ಕಿರುಚಿದರು. ಅಮ್ಮ ಮೂಲೆಯಿಂದ, "ನೋಡ್ಕೋ, ನನ್ನ ಮಗ! ಬದುಕಿದಾನೆ!" ಅಂತ ಎದೆ ತಟ್ಟಿಕೊಂಡಳು.

ಕೊರಳಪಟ್ಟಿಯನ್ನು ಮೆಚ್ಚಬೇಕು. ಅವನು ಒಂದು ಗಳಿಗೆ ಮಾತ್ರ ಬೆಪ್ಪಾಗಿ ನಿಂತ. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿದ.

"ಮೇಡಂ, ಇದು ಇನ್ನೂ ಒಳ್ಳೇ ಕಥೆ. ಸಾವಿನ ದವಡೆಯಿಂದ ವಾಪಸ್! ಕುಡಿತ ಬಿಟ್ಟ ಗಂಡ! ಹೇಳಿ ಸಾರ್, ಕುಡಿತ ಬಿಟ್ಟು ಎಷ್ಟು ದಿನ ಆಯ್ತು?"

"ಕುಡಿದೇ ಇಲ್ಲ."

"ಒಂದು ಸಲಾನೂ?"

"ಇಲ್ಲ."

"ಹೆಂಡ್ತಿಗೆ ಹೊಡೀತಿದ್ರಿ, ಅಲ್ವಾ?"

"ಇಲ್ಲ."

ಮೇಡಂ ಮುಖ ಸಪ್ಪಗಾಯಿತು. ನನ್ನಿಂದ ಅವರಿಗೆ ಬಹಳ ನಿರಾಸೆಯಾಯಿತು. ಹೋಗುವ ಮುಂಚೆ ನನ್ನ ಎಡಗೈ ಕಣ್ಣಿಗೆ ಬಿತ್ತು. "ಇದೇನಾಯ್ತು?" ಅಂದರು. ಯಾರ ಲಾರಿ, ಯಾವ ಬಾಗಿಲು, ಕಂಟ್ರಾಕ್ಟರ ಬಂದು ಏನಂದ, ಎಲ್ಲ ಹೇಳಿದೆ. ಮೇಡಂ ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರು ಕಾರಿನ ಬಾಗಿಲು ತೆಗೆದರು.

ಅವರು ಹೋದ ಮೇಲೆ ಶೆಡ್ಡಿನಲ್ಲಿ ಯಾರೂ ಖುಷಿ ಪಡಲಿಲ್ಲ. ಗೆದ್ದವರ ಹಾಗೇನೂ ಇರಲಿಲ್ಲ ನಾವು. ಗಾಜಿನಕ್ಕ ಬೂಟು ಬಿಗಿ ಮಾಡಿಕೊಂಡು ಚೀಲಕ್ಕೆ ಇಳಿದಳು, ತುಳಿಯತೊಡಗಿದಳು. ಅವಳ ಮುಖ ನೋಡಲಾಗದೆ ನನ್ನ ಹೆಂಡತಿಯೂ ಪಕ್ಕದ ಚೀಲಕ್ಕೆ ಇಳಿದಳು. ಕತ್ತಲಾಗುವವರೆಗೆ ಇಬ್ಬರೂ ತುಳಿದರು.

ಸಾಲ ಸಿಗಲಿಲ್ಲ. ಸ್ಫೂರ್ತಿ ಯೋಜನೆಯ ದುಡ್ಡು ಯಾರಿಗೆ ಹೋಯಿತು ಅಂತ ಬ್ಯಾಂಕಿನ ಗೋಡೆ ನೋಡಿ ಗೊತ್ತಾಯಿತು. ಅಲ್ಲಿ ದೊಡ್ಡ ಪೋಸ್ಟರು. ಕಂಟ್ರಾಕ್ಟರನ ಕಿರಿ ಸೊಸೆ. ಬರಿಗೈಯಲ್ಲಿ ಒಂದು ಬುಟ್ಟಿ ಹಿಡಿದಿದ್ದಾಳೆ. ಬುಟ್ಟಿಯಲ್ಲಿ ತೊಳೆದ ಬಾಟಲಿಗಳು. ಉಗುರಿಗೆ ಕೆಂಪು ಬಣ್ಣ. ಮೇಲೆ "ಕಸದಿಂದ ಕನಸಿಗೆ" ಅಂತ ಬರೆದಿತ್ತು. ಮನೆಯವರ ವಿರೋಧ ಕಟ್ಟಿಕೊಂಡು ಈ ಕ್ಷೇತ್ರಕ್ಕೆ ಬಂದಳಂತೆ. ಮನೆಯವರು ಅಂದರೆ ಕಂಟ್ರಾಕ್ಟರನೇ ತಾನೆ. ಪೋಸ್ಟರಿನಲ್ಲಿ ಅವಳ ಹಿಂದೆ ಹೊಚ್ಚ ಹೊಸ ಮಿಷನ್ನು ನಿಂತಿತ್ತು.

ನನ್ನ ಹೆಂಡತಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮ್ಯಾನೇಜರ ಬಾಗಿಲು ತಳ್ಳಿದಳು. ನಾನು, ಗಾಜಿನಕ್ಕ, ಶೆಡ್ಡಿನ ಹೆಂಗಸರೆಲ್ಲ ಹಿಂದೆ. ಈ ಸಲ ಯಾರೂ ಬಟ್ಟೆ ಬದಲಾಯಿಸಿರಲಿಲ್ಲ. ಕೆಲಸದಿಂದ ನೇರ ಬಂದಿದ್ದೆವು.

"ನಮ್ಮದು ಯಾಕೆ ಆಗಲಿಲ್ಲ ಸಾರ್?"

"ಹೇಳಿದ್ನಲ್ಲಮ್ಮ. ಅಂಕ ಸಾಲಲಿಲ್ಲ."

"ಲೆಕ್ಕದಲ್ಲಿ?"

"ಲೆಕ್ಕದಲ್ಲಿ ಪೂರ್ತಿ ಇಪ್ಪತ್ತಕ್ಕೆ ಇಪ್ಪತ್ತು. ಹಣಕಾಸೇತರದಲ್ಲಿ ಹೋಯ್ತು."

"ಅದನ್ನ ಬರೆದು ಕೊಡಿ."

"ಏನನ್ನ?"

"ಈ ಹೆಂಗಸಿನ ಲೆಕ್ಕ ಸರಿ ಇದೆ, ಗಂಡ ಬದುಕಿರುವ ಕಾರಣ ಸಾಲ ಕೊಡಲಿಲ್ಲ ಅಂತ. ಕೈಗೆ ಗ್ಲೌಸು ಹಾಕಿರುವ ಕಾರಣ ಕೊಡಲಿಲ್ಲ ಅಂತ. ಬರೆದು ಸೈನ್ ಹಾಕಿ, ಸೀಲ್ ಹೊಡೀರಿ. ನಾವು ಹೋಗ್ತೀವಿ."

ಮ್ಯಾನೇಜರು ಸೆಂಟಿನ ಡಬ್ಬಿ ಕೈಗೆತ್ತಿಕೊಂಡರು. ನಾವು ಅಷ್ಟು ಜನ ಇದ್ದೆವು. ಡಬ್ಬಿ ಖಾಲಿಯಾಗಿತ್ತೋ ಏನೋ, ಬರೀ ಗಾಳಿ ಬಂತು.

"ಹಾಗೆಲ್ಲ ಬರೆಯೋಕಾಗಲ್ಲ. ಕೌಂಟರಲ್ಲಿ ಕೇಳಿ."

ಕೌಂಟರಿಗೆ ಟೋಕನ್ ಬೇಕು. ತೆಗೆದುಕೊಂಡೆವು. ಒಬ್ಬೊಬ್ಬರೂ ಒಂದೊಂದು. ಹೊರಗಿನ ಹಜಾರದಲ್ಲಿ ಗಿರಾಕಿಗಳಿಗೆ ಅಂತ ಸ್ಟೀಲಿನ ಕುರ್ಚಿಗಳ ಸಾಲಿತ್ತು. ಕೂತೆವು. ಪಕ್ಕದಲ್ಲಿದ್ದವರು ಎದ್ದರು. ಅವರು ಬಿಟ್ಟ ಜಾಗದಲ್ಲೂ ಕೂತೆವು. ನಂಬರು ಬಂತು. ಒಬ್ಬೊಬ್ಬರೇ ಹೋಗಿ, "ಯಾಕೆ ಕೊಡಲಿಲ್ಲ ಅಂತ ಬರೆದು ಕೊಡಿ" ಅಂದೆವು. ಕೌಂಟರಿನ ಹುಡುಗಿ, "ಆಗಲ್ಲ" ಅಂದಳು. ವಾಪಸ್ ಬಂದು ಹೊಸ ಟೋಕನ್ ತೆಗೆದುಕೊಂಡು ಕೂತೆವು. ಸಂಜೆ ಬಾಗಿಲು ಹಾಕುವವರೆಗೆ ಇದೇ. ಮಾರನೇ ದಿನವೂ ಇದೇ. ಬೆಳಿಗ್ಗೆ ಕಸ ತಂದು ಹಾಕಿ, ಕೈಕಾಲು ತೊಳೆದು, ಬ್ಯಾಂಕಿಗೆ. ಅಮ್ಮನೂ ಬಂದಳು. ಟೋಕನ್ನಿನ ಚೀಟಿ ಹೊರಬರೋದು ನೋಡಿ ಅವಳಿಗೆ ಮಜಾ. ಕೌಂಟರಿಗೆ ಹೋಗಿ, "ನನ್ನ ಮಗ ಬದುಕಿದಾನೆ, ಬರ್ಕೋ" ಅಂದು ಬರುತ್ತಿದ್ದಳು.

ನಮ್ಮನ್ನು ಎಬ್ಬಿಸಲು ಪೊಲೀಸರನ್ನು ಕರೆಸಿದರು. ಟೋಕನ್ ಇದೆ, ಗಲಾಟೆ ಇಲ್ಲ, ಏನಂತ ಎಬ್ಬಿಸೋದು ಅಂತ ಅವರು ತಲೆ ಕೆರೆದುಕೊಂಡು ಹೋದರು.

ಆಮೇಲೆ ಒಂದು ದಿನ ಹೋದರೆ ಹಜಾರ ಬೋಳು. ಮ್ಯಾನೇಜರು ಕುರ್ಚಿಗಳನ್ನೇ ತೆಗೆಸಿದ್ದರು. ನೆಲಕ್ಕೆ ಬಿಗಿದಿದ್ದ ಬೋಲ್ಟಿನ ತೂತುಗಳು ಮಾತ್ರ ಉಳಿದಿದ್ದವು. ಬಟ್ಟೆ ಅಂಗಡಿಯವರು ನಿಂತಿದ್ದರು. ಬಸುರಿ ಹೆಂಗಸೊಬ್ಬಳು ಗೋಡೆಗೆ ಒರಗಿದ್ದಳು. ಪಿಂಚಣಿಗೆ ಬಂದ ಮುದುಕರು ಕಾಲು ಬದಲಾಯಿಸುತ್ತಾ ನಿಂತಿದ್ದರು.

ನಾವು ನೆಲದ ಮೇಲೆ ಕೂತೆವು. ನೆಲ ತಣ್ಣಗಿತ್ತು, ನುಣ್ಣಗಿತ್ತು. ಗಾಜಿಲ್ಲ, ಸೂಜಿಯಿಲ್ಲ. ನಾವು ದಿನಾ ಕೂರುವ ನೆಲಕ್ಕೆ ಇದನ್ನು ಹೋಲಿಸೋ ಹಾಗೇ ಇಲ್ಲ.

ಪಿಂಚಣಿಯ ಮುದುಕರೊಬ್ಬರು ಸ್ವಲ್ಪ ಹೊತ್ತು ನೋಡಿದರು. ಮೇಷ್ಟರಾಗಿದ್ದವರಂತೆ, ಇಸ್ತ್ರಿ ಮಾಡಿದ ಷರಟು. ಕೊನೆಗೆ ತಡೆಯಲಾರದೆ ಮಂಡಿ ಹಿಡಿದುಕೊಂಡು ಅಮ್ಮನ ಪಕ್ಕ ಕುಸಿದರು.

"ನೀವು ಯಾಕೆ ಬಂದಿರೋದು?" ಅಂತ ಕೇಳಿದರು.

ನನ್ನ ಹೆಂಡತಿ ಹೇಳಿದಳು. ಕೆಳಗೆ ನೋಡಲಿಲ್ಲ, ನಿಲ್ಲಿಸಲಿಲ್ಲ, ಸಣ್ಣಗೆ ನಗಲೂ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು.

ಮೇಷ್ಟರು ಕೇಳಿಸಿಕೊಂಡು ಒಳಗಿನ ಗಾಜಿನ ಬಾಗಿಲ ಕಡೆ ಕೂಗಿದರು. "ರೀ ಮ್ಯಾನೇಜರೇ! ಇವರಿಗೆ ಅದೇನು ಬೇಕೋ ಬರೆದು ಕೊಟ್ಟು ಕಳಿಸ್ರೀ! ಇವರ ದೆಸೆಯಿಂದ ನಮಗೆ ಕುರ್ಚಿ ಇಲ್ಲ!"

ಬಟ್ಟೆ ಅಂಗಡಿಯವರೂ ದನಿಗೂಡಿಸಿದರು. "ಬರೆದು ಕೊಡ್ರಿ, ಎಷ್ಟೊತ್ತಿನ ಕೆಲಸ?" ಬಸುರಿಯ ಗಂಡ ಬಾಗಿಲು ಬಡಿದ. ಹಜಾರಕ್ಕೆ ಹಜಾರವೇ ಬರೆದು ಕೊಡಿ, ಬರೆದು ಕೊಡಿ ಅಂತ ಕೂಗತೊಡಗಿತು. ನ್ಯಾಯಕ್ಕಲ್ಲ, ಕುರ್ಚಿಗೆ. ನಮಗೆ ಅದು ಗೊತ್ತಿತ್ತು. ಆದರೂ ಕೇಳಲು ಚೆನ್ನಾಗಿತ್ತು.

ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಾ ಕಾಗದ ಹಿಡಿದು ಹೊರಗೆ ಬಂದರು. ನನ್ನ ಹೆಂಡತಿ ನಿಧಾನವಾಗಿ ಓದುವವಳು. ಒಂದೊಂದೇ ಅಕ್ಷರ ಕೂಡಿಸಿ ಎಲ್ಲರಿಗೂ ಕೇಳುವ ಹಾಗೆ ಓದಿದಳು. ಲೆಕ್ಕಪತ್ರಗಳಲ್ಲಿ ಯಾವುದೇ ದೋಷವಿಲ್ಲ. ಹಣಕಾಸೇತರ ಕಾರಣಗಳಿಗಾಗಿ ಅರ್ಜಿಯನ್ನು ತಿರಸ್ಕರಿಸಲಾಗಿದೆ.

"ಯಾವ ಕಾರಣ ಅಂತ ಇಲ್ವಲ್ಲ ಸಾರ್."

"ಅದಕ್ಕೆ ನನಗೆ ಅಧಿಕಾರ ಇಲ್ಲಮ್ಮ." ಅವರ ದನಿ ಇಳಿದಿತ್ತು. "ಅದನ್ನ ದೊಡ್ಡ ಆಫೀಸಿನಲ್ಲೇ ಕೇಳಬೇಕು."

ಮಿಷನ್ನು ಬಂತಾ ಅಂತ ನೀವು ಕೇಳಬಹುದು. ಬರಲಿಲ್ಲ. ನದಿಯಾಚೆ ನಮ್ಮಂಥವರದೇ ಇನ್ನೊಂದು ಶೆಡ್ಡಿದೆ. ಅವರ ಹತ್ತಿರ ಹಳೇ ಮಿಷನ್ನೊಂದಿದೆ, ತುಕ್ಕು ಹಿಡಿದದ್ದು. ಮಧ್ಯಾಹ್ನದ ಮೇಲೆ ನಮಗೆ ಬಿಡುತ್ತಾರೆ. ಕೈಗಾಡಿಯಲ್ಲಿ ಸೇತುವೆ ದಾಟಿಸಿ ಮಾಲು ಒಯ್ಯಬೇಕು, ಏರಿನಲ್ಲಿ ಎದೆ ಒಡೆಯುತ್ತದೆ. ಆದರೂ ಶೆಡ್ಡಿಗೆ ಬೀಗ ಬಿದ್ದಿಲ್ಲ. ಗಾಜಿನಕ್ಕ ತುಳಿಯೋದು ಬಿಟ್ಟಿದ್ದಾಳೆ.

ಬೆಳಿಗ್ಗೆ ಹೊತ್ತು ನಾವು ದೊಡ್ಡ ಆಫೀಸಿಗೆ ಹೋಗುತ್ತೇವೆ. ಬ್ಯಾಂಕಿನ ಕಾಗದ ತೋರಿಸಿ ಯಾವ ಕಾರಣ ಅಂತ ಕೇಳುತ್ತೇವೆ. ಮೇಡಂ ಮೀಟಿಂಗಿನಲ್ಲಿದ್ದಾರೆ ಅನ್ನುತ್ತಾರೆ. ಆಗಲಿ, ಕಾಯುತ್ತೇವೆ ಅನ್ನುತ್ತೇವೆ. ಇಲ್ಲಿಯ ಕುರ್ಚಿಗಳು ಮೆತ್ತಗಿವೆ, ಕೂತರೆ ಒಳಕ್ಕೆ ಇಳಿಯುತ್ತವೆ. ಅಮ್ಮ ಅಲ್ಲೇ ನಿದ್ದೆ ಹೊಡೆಯುತ್ತಾಳೆ.

ಇವರು ಯಾವಾಗ ತೆಗೆಸುತ್ತಾರೋ ನೋಡಬೇಕು.